ತಿಲಕರಿಂದ ಕೇಳಿದ ಮುಚ್ಚಳಿಕೆ

ತಿಲಕರ ವಿಚಾರಣೆ ಎಂದರೆ ಎಲ್ಲರ ಬಾಯಲ್ಲೂ 1908ರ ರಾಜದ್ರೋಹದ ಪ್ರಕರಣ, ಬರ್ಮಾದ ಮಂಡಾಲೆ ಜೈಲು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ನಡೆದ ಪ್ರಕರಣ ಅದಕ್ಕಿಂತ ಮುಖ್ಯ ಎನ್ನುತ್ತೇನೆ. ಅದರ ಬೇರು ನಮ್ಮ ಬೆಳಗಾವಿಯಲ್ಲಿದೆ.

1916ರ ಏಪ್ರಿಲ್ ಕೊನೆಗೆ ಬೆಳಗಾವಿಯಲ್ಲಿ ಸ್ವಯಮಾಡಳಿತ ಕೇಳುವ ಹೋಮ್ ರೂಲ್ ಲೀಗ್ ಹುಟ್ಟಿತು. ಮೇ 1ಕ್ಕೆ ತಿಲಕರು ಅಲ್ಲೇ ಮರಾಠಿಯಲ್ಲಿ ಮಾತಾಡಿದರು. ಮೇ 31 ಮತ್ತು ಜೂನ್ 1ಕ್ಕೆ ಅಹಮದ್‌ನಗರದಲ್ಲಿ ಇನ್ನೆರಡು ಭಾಷಣ. ಜುಲೈ 23, ಅವರಿಗೆ ಅರುವತ್ತು ತುಂಬಿದ ದಿನ. ಜನ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರೆ, ಸರ್ಕಾರ ನೋಟಿಸು ಕೊಟ್ಟಿತು.

ಈ ಸಲ ದಂಡ ಸಂಹಿತೆಯ ರಾಜದ್ರೋಹದ ಕಲಂ 124ಎ ಅಡಿ ಶಿಕ್ಷೆ ಕೇಳಲಿಲ್ಲ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 108ನೇ ಕಲಂ ಹಿಡಿದರು. ಅಲ್ಲಿ ಜ್ಯೂರಿ ಇಲ್ಲ, ಬಂಧನವೂ ಬೇಕಿಲ್ಲ. ರಾಜದ್ರೋಹದ ಮಾತು ಹರಡುತ್ತಿದ್ದಾನೆಂದು ಮ್ಯಾಜಿಸ್ಟ್ರೇಟರಿಗೆ ಮನವರಿಕೆಯಾದರೆ ಒಂದು ವರ್ಷದವರೆಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಪುಣೆಯ ಮ್ಯಾಜಿಸ್ಟ್ರೇಟರು ಕೇಳಿದ್ದು 20,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಜತೆಗೆ ತಲಾ 10,000ದ ಇಬ್ಬರು ಜಾಮೀನುದಾರರು. ದುಡ್ಡು ಮುಂಗಡವಾಗಿ ಕಟ್ಟುವುದಲ್ಲ. ಮಾತು ಎಲ್ಲೆ ಮೀರಿತೆಂದು ತೀರ್ಮಾನವಾದರೆ ಜಾಮೀನುದಾರರ ಗಂಟೂ ಹೋಗುತ್ತದೆ. ಮುಚ್ಚಳಿಕೆ ಕೊಡದಿದ್ದರೆ ಜೈಲು. ಜೈಲಿಗೆ ಹಾಕಿದರೆ ಜನ ಕೆರಳುತ್ತಾರೆ, ಮುಚ್ಚಳಿಕೆಯಾದರೆ ಮನುಷ್ಯ ಮನೆಯಲ್ಲೇ ಇದ್ದು ಪ್ರತಿ ಮಾತನ್ನೂ ಅಳೆಯಬೇಕು, ತನಗಾಗಿ ಸಹಿ ಹಾಕಿದವರ ಆಸ್ತಿಯನ್ನೂ ನೆನೆಯಬೇಕು. ಯುದ್ಧಕಾಲದ ಸರ್ಕಾರಕ್ಕೆ ಇಷ್ಟು ಸಾಕಿತ್ತು. ಇದು ಬಾಯಿಗೆ ಹಾಕುವ ಬೀಗವೇ.

ಬಾಂಬೆ ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಜಿನ್ನಾ. 1908ರಲ್ಲಿ ತಿಲಕರಿಗೆ ಜಾಮೀನು ಕೇಳಿ ಸೋತಿದ್ದವರೂ ಅವರೇ. 1916ರ ನವೆಂಬರ್ 9ರಂದು ನ್ಯಾಯಮೂರ್ತಿ ಬ್ಯಾಚಲರ್ ಮತ್ತು ಷಾ ಆ ಆದೇಶವನ್ನು ರದ್ದುಪಡಿಸಿದರು. ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಬೇಡಿ, ಇಡೀ ಭಾಷಣ ಕೇಳಿದವನ ಮನಸ್ಸಿನಲ್ಲಿ ಉಳಿಯುವುದೇನು ನೋಡಿ ಎಂಬುದು ತೀರ್ಪಿನ ತಿರುಳು. ಕೆಲವು ಸಾಲುಗಳು ಆಕ್ಷೇಪಾರ್ಹ ಎನಿಸಿದರೂ, ಒಟ್ಟು ಮಾತು ಆಡಳಿತ ಬದಲಿಸಿ ಎಂಬ ಬೇಡಿಕೆಯಾಗಿತ್ತು.

ಆದರೆ 'ನಾನು ಬೈದದ್ದು ಅಧಿಕಾರಿಗಳನ್ನು, ಸರ್ಕಾರವನ್ನಲ್ಲ' ಎಂಬ ತಿಲಕರ ಕಡೆಯ ವಾದಕ್ಕೆ ಬ್ಯಾಚಲರ್ ಪೂರ್ತಿ ಒಪ್ಪಲಿಲ್ಲ. ಅಧಿಕಾರಿವರ್ಗವನ್ನು ಸಾರಾಸಗಟಾಗಿ ಟೀಕಿಸಿದರೆ ಅದು ಸರ್ಕಾರಕ್ಕೂ ತಟ್ಟುತ್ತದೆಯೇ ಎಂಬುದನ್ನು ಆಯಾ ಪ್ರಕರಣದ ಸಂಗತಿ ನೋಡಿಯೇ ತೀರ್ಮಾನಿಸಬೇಕು ಎಂದರು. ತಿಲಕರ ಗೆಲುವನ್ನು ಕೊಂಡಾಡುವವರು ಈ ಭಾಗವನ್ನೂ ಓದಬೇಕು.

ಮುಂದಿನ ವರ್ಷ ಜೂನ್‌ನಲ್ಲಿ ಮದ್ರಾಸ್ ಸರ್ಕಾರ ಹೋಮ್ ರೂಲ್ ಚಳವಳಿಯ ಇನ್ನೊಬ್ಬ ನಾಯಕಿ ಆನಿ ಬೆಸೆಂಟರನ್ನು ಸ್ಥಾನಬದ್ಧತೆಯಲ್ಲಿ, ಅಂದರೆ ಗೊತ್ತುಮಾಡಿದ ಊರು ಬಿಟ್ಟು ಹೋಗದಂತೆ, ಇಟ್ಟಾಗ ಬಳಸಿದ್ದು ಯುದ್ಧಕಾಲದ ಭಾರತ ರಕ್ಷಣಾ ಕಾಯ್ದೆಯನ್ನು. ಅಲ್ಲಿ ವಿಚಾರಣೆಯೇ ಇರಲಿಲ್ಲ.