ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿ

ಬೆಳಿಗ್ಗೆ ಆಫೀಸಿನಲ್ಲಿ ಹೊಸ ಪಾಸ್‌ವರ್ಡ್ ಹಾಕಲು ಕೂತೆ. ಕೆಳಗೆ ಕೆಂಪು ಗೆರೆ ಬಂತು: 'ವೀಕ್'. ಒಂದು ಅಂಕಿ ಸೇರಿಸಿದೆ. ಮತ್ತೆ 'ವೀಕ್'. ದೊಡ್ಡಕ್ಷರ, ನಕ್ಷತ್ರ, ಪ್ರಶ್ನೆಚಿಹ್ನೆ ಎಲ್ಲ ಸುರಿದ ಮೇಲೆ ಗೆರೆ ಹಸಿರಾಯಿತು: 'ಸ್ಟ್ರಾಂಗ್'. ಅಷ್ಟು ಹೊತ್ತಿಗೆ ನಾನು ಒತ್ತಿದ್ದು ಏನು ಅಂತ ನನಗೇ ನೆನಪಿರಲಿಲ್ಲ. ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿದೆ. ಈಗ ದಾರಿಯಲ್ಲಿ ಹೋಗುವವರೆಲ್ಲ ನಮ್ಮ ಭದ್ರತೆಯನ್ನು ಓದಿಕೊಂಡು ಹೋಗುತ್ತಾರೆ.

ಈಚೆಗೆ ಎಲ್ಲವೂ ಸ್ಟ್ರಾಂಗ್. ಸಿಸ್ಟಮ್ ಮಾತ್ರ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅದು 'ರೋಬಸ್ಟ್'. ಈ ಪದದ ಬೇರು ಲ್ಯಾಟಿನ್‌ನ ರೋಬುರ್, ಅಂದರೆ ಓಕ್ ಮರ. ಅದರ ಗಟ್ಟಿತನಕ್ಕೂ ಅದೇ ಹೆಸರು. ಸಸ್ಯಶಾಸ್ತ್ರದವರು ಇವತ್ತಿಗೂ ಓಕ್‌ನ ಒಂದು ಜಾತಿಯನ್ನು ಕ್ವೆರ್ಕಸ್ ರೋಬುರ್ ಅಂತಲೇ ಕರೆಯುತ್ತಾರೆ. ನೂರಾರು ವರ್ಷ ಗಾಳಿಮಳೆಗೆ ಮೈಯೊಡ್ಡಿ ನಿಲ್ಲುವ ಮರ ಅದು. ನಮ್ಮ ರೋಬಸ್ಟ್ ಸಿಸ್ಟಮ್ಮು ಶುಕ್ರವಾರ ಸಂಜೆಯ ಒಂದು ಅಪ್‌ಡೇಟಿಗೆ ಅಂಗಾತ ಮಲಗುತ್ತದೆ.

ಕಳೆದ ತಿಂಗಳು ನಮಗೆಲ್ಲ 'ಎಂಪವರ್‌ಮೆಂಟ್' ತರಬೇತಿ ಇತ್ತು. ಪವರ್ ಅನ್ನೋ ಪದ ಲ್ಯಾಟಿನ್‌ನ 'ಆಗುತ್ತದೆ, ಮಾಡಬಲ್ಲೆ' ಅನ್ನುವ ಕ್ರಿಯಾಪದದಿಂದ ಬಂದದ್ದು. ಮಾಡಬಲ್ಲೆ ಅಂತ ಎದೆ ತಟ್ಟಿ ಹೇಳಿಸಿದರು. ಆಮೇಲೆ ಮುರಿದ ಕುರ್ಚಿ ಬದಲಿಸಿಕೊಳ್ಳಲು ಹೋದರೆ ಮೂರು ಸಹಿ ಬೇಕಂತೆ. ತಪ್ಪೇನಿಲ್ಲ ಬಿಡಿ. ಕಂಪನಿಗೆ 'ಫರ್ಮ್' ಅಂತಾರಲ್ಲ, ಆ ಪದವೇ ಸಹಿಯಿಂದ ಹುಟ್ಟಿದ್ದು. ಇಟಾಲಿಯನ್‌ನಲ್ಲಿ ಫಿರ್ಮಾ ಅಂದರೆ ಸಹಿ, ಮಾತನ್ನು ಗಟ್ಟಿ ಮಾಡುವ ಗುರುತು. ಅಂದಮೇಲೆ ಸಹಿ ಇಲ್ಲದೆ ಕುರ್ಚಿ ಹೇಗೆ ಬಂದೀತು?

ತರಬೇತಿ ಕೊಡಲು ಬಂದವರು ಮೊದಲು ಕೇಳಿದ್ದು, "ನಿಮ್ಮ ಸ್ಟ್ರೆಂತ್ ಏನು?" ನಾನು ಪರದೆ ಮೇಲಿನ ಆ ಪದವನ್ನೇ ನೋಡುತ್ತಿದ್ದೆ. ಇದು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ, ಇಂಗ್ಲಿಷಿನ ಸ್ವಂತ ಮನೆಯ ಪದ. ಎಂಟು ಅಕ್ಷರ. ಅದರಲ್ಲಿ ಸ್ವರ ಒಂದೇ ಒಂದು, ಉಳಿದ ಏಳೂ ವ್ಯಂಜನ. ಸ್ವರದ ನೆರವಿಲ್ಲದೆ ವ್ಯಂಜನ ಉಚ್ಚಾರವಾಗದು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ? ದುಡಿಯುವವನು ಒಬ್ಬ, ಅವನ ಮೇಲೆ ಒರಗಿಕೊಂಡವರು ಏಳು ಜನ. ನಮ್ಮ ವಿಭಾಗದ ಗ್ರೂಪ್ ಫೋಟೋ ಇದ್ದ ಹಾಗಿತ್ತು.

"ಕಂಫರ್ಟ್ ಜೋನ್ ಬಿಟ್ಟು ಹೊರಗೆ ಬನ್ನಿ, ಆಗಲೇ ಗಟ್ಟಿಯಾಗೋದು!" ಅಂದರು. ಕಂಫರ್ಟ್ ಪದದ ಹೊಟ್ಟೆಯೊಳಗೇ ಫೋರ್ಟಿಸ್ ಕೂತಿದ್ದಾನೆ, ಲ್ಯಾಟಿನ್‌ನ ಗಟ್ಟಿಗ. ಹಿಂದೆ ಕಂಫರ್ಟ್ ಅಂದರೆ ಬಲ ತುಂಬುವುದು, ಧೈರ್ಯ ಕೊಡುವುದು ಅಂತಲೇ ಅರ್ಥ ಇತ್ತು. ಮೆತ್ತನೆ ಸೋಫಾ ಆಮೇಲೆ ಬಂತು. ಅಂದರೆ ಬಲ ಸಿಗುವ ಜಾಗ ಬಿಟ್ಟು ಬನ್ನಿ, ಬಲ ಸಿಗುತ್ತದೆ ಅಂತ. ಇದಕ್ಕೆ ಚಪ್ಪಾಳೆ ಬೇರೆ.

ಮಧ್ಯೆ ಮಧ್ಯೆ "ಕೇಳಿಸ್ತಿಲ್ಲ, ಇನ್ನೂ ಗಟ್ಟಿಯಾಗಿ ಹೇಳಿ" ಅನ್ನುತ್ತಿದ್ದರು. ನನಗೆ ಗುಟ್ಟು ಹೊಳೆದದ್ದು ಅಲ್ಲೇ. ಇಟಲಿಯ ಸಂಗೀತದಲ್ಲಿ 'ಫೋರ್ಟೆ' ಅಂದರೆ ಜೋರಾಗಿ ನುಡಿಸು ಅಂತ. ಮೂಲ ಅದೇ ಫೋರ್ಟಿಸ್. ನಮ್ಮಲ್ಲೂ ಹಾಗೇ ಅಲ್ವಾ? ಗೋಡೆಯೂ ಗಟ್ಟಿ, ಗಂಟಲೂ ಗಟ್ಟಿ. ಗೋಡೆ ಕಟ್ಟೋಕೆ ಖರ್ಚು ಜಾಸ್ತಿ, ಆದ್ದರಿಂದ ಗಂಟಲಿನಲ್ಲೇ ಕೆಲಸ ಮುಗಿಸುತ್ತಾರೆ. 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ತೊಫೋರಿ ಮೆಲ್ಲಗೂ ಜೋರಾಗಿಯೂ ನುಡಿಯುವ ವಾದ್ಯ ಮಾಡಿದ. ಅದಕ್ಕೆ ಪಿಯಾನೋಫೋರ್ಟೆ ಅಂತ ಹೆಸರು ಬಂತು. ಜನ ಕರೆಯುತ್ತ ಕರೆಯುತ್ತ 'ಜೋರು' ಉದುರಿಸಿ 'ಮೆಲ್ಲಗೆ' ಅಷ್ಟನ್ನೇ ಉಳಿಸಿಕೊಂಡರು. ಮೀಟಿಂಗುಗಳಲ್ಲಿ ಉಲ್ಟಾ.

ಗ್ರೀಕರಿಗೆ ಈ ವಿಷಯ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಅವರ ಕ್ರಾಟೋಸ್, ಅಂದರೆ ಬಲ, ಅಧಿಕಾರ, ಪುರಾಣದಲ್ಲಿ ಒಬ್ಬ ದೇವತೆ. ಡೆಮಾಕ್ರಸಿಯ ತಲೆಯಲ್ಲಿರುವುದು ಡೆಮೋಸ್, ಅಂದರೆ ಜನ; ಬಾಲದಲ್ಲಿರುವುದು ಅವನೇ. ಬ್ಯೂರಾಕ್ರಸಿಯ ಬಾಲದಲ್ಲೂ ಅವನೇ, ಆದರೆ ಅಲ್ಲಿ ತಲೆಯ ಜಾಗದಲ್ಲಿ ಜನ ಇಲ್ಲ, ಮೇಜಿದೆ. ಬ್ಯೂರೋ ಅನ್ನುವುದು ಮೊದಲು ಮೇಜಿಗೆ ಹೊದಿಸುವ ಒರಟು ಬಟ್ಟೆಯ ಹೆಸರಾಗಿತ್ತು. ಹಾಗಾಗಿ ಅದು ಮೇಜುಬಟ್ಟೆಯ ಆಳ್ವಿಕೆ. ಪ್ರೊಮಿಥಿಯಸ್‌ನನ್ನು (ದೇವತೆಗಳ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟವನು) ಬಂಡೆಗೆ ಬಿಗಿಯುವ ಹಳೆಯ ಗ್ರೀಕ್ ನಾಟಕದಲ್ಲಿ ಈ ಕ್ರಾಟೋಸ್ ಬರುತ್ತಾನೆ. ಸುತ್ತಿಗೆ ಹಿಡಿದು ಮೊಳೆ ಹೊಡೆಯುವವನು ಕಮ್ಮಾರ ದೇವತೆ ಹೆಫೆಸ್ಟಸ್, ಅದೂ ಇಷ್ಟವಿಲ್ಲದ ಮನಸ್ಸಿನಿಂದ. ಕ್ರಾಟೋಸ್ ಪಕ್ಕದಲ್ಲಿ ನಿಂತು ಇನ್ನೂ ಬಿಗಿ, ಇನ್ನೂ ಹೊಡೆ ಅನ್ನುತ್ತಿರುತ್ತಾನೆ. ಜೊತೆಗೆ ಬಂದ ಬಿಯಾ, ಬಲಾತ್ಕಾರದ ದೇವತೆ, ಒಂದೂ ಮಾತಾಡುವುದಿಲ್ಲ. ಅವಳು ಬಹುಶಃ ಮೀಟಿಂಗಿನ ನಡಾವಳಿ ಬರೆದುಕೊಳ್ಳುತ್ತಿದ್ದಳು.

ಕೆಲಸದ ಜಾಹೀರಾತುಗಳಿಗೆ ಬೇಕಾದವರು 'ಡೈನಮಿಕ್' ಜನ. ಗ್ರೀಕಿನ ಡೈನಮಿಸ್, ಶಕ್ತಿ. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಡೈನಮೈಟ್‌ಗೆ ಪೇಟೆಂಟ್ ಪಡೆದಾಗ ಹೆಸರು ತೆಗೆದದ್ದೂ ಅಲ್ಲಿಂದಲೇ. ಅವನ ಜಾಣತನ ಸ್ಫೋಟದಲ್ಲಿರಲಿಲ್ಲ. ಅಲುಗಿದರೂ ಸಿಡಿಯುವ ನೈಟ್ರೋಗ್ಲಿಸರಿನ್ನನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ, ಸಿಡಿ ಅಂದಾಗ ಮಾತ್ರ ಸಿಡಿಯುವ ಹಾಗೆ ಮಾಡಿದ. ಸಂದರ್ಶನದಲ್ಲಿ ಹುಡುಕುವುದೂ ಇಂಥವರನ್ನೇ. ಉಳಿದ ದಿನ ಮಣ್ಣಿನ ಹಾಗೆ ಕೂತಿರಬೇಕು.

ತರಬೇತಿಯ ಕೊನೆಯ ಪಾಠ 'ರೆಸಿಲಿಯೆನ್ಸ್', ಬಿದ್ದರೂ ಮತ್ತೆ ಎದ್ದು ನಿಲ್ಲುವ ಗುಣ. ಲ್ಯಾಟಿನ್‌ನಲ್ಲಿ ಇದರ ಅರ್ಥ ಹಿಂದಕ್ಕೆ ಪುಟಿಯುವುದು ಅಷ್ಟೇ. ಚೆಂಡು ಎಷ್ಟು ಚೆನ್ನಾಗಿ ಪುಟಿಯುತ್ತದೆ ಅಂತ ದಿನವಿಡೀ ವಿವರಿಸಿದರು. ಎಸೆಯುತ್ತಿರುವವರು ಯಾರು ಅನ್ನುವುದಕ್ಕೆ ಸ್ಲೈಡ್ ಇರಲಿಲ್ಲ.

ಎರಡು ವಾರ ಕಳೆದು ನನ್ನ ಪಕ್ಕದ ಸೀಟಿನವರಿಗೆ ಮೇಲ್ ಬಂತು. ಸಂಸ್ಥೆಯನ್ನು ಬಲಪಡಿಸುವ ಸಲುವಾಗಿ ಅವರನ್ನು ತೆಗೆಯಲಾಗಿದೆಯಂತೆ. ಕೊನೆಯ ಸಾಲು 'ಸ್ಟೇ ಸ್ಟ್ರಾಂಗ್'. ರೋಮನ್ನರೂ ಕಾಗದದ ಕೊನೆಯಲ್ಲಿ 'ವಾಲೇ' ಅಂತ ಬರೆಯುತ್ತಿದ್ದರು, ಗಟ್ಟಿಯಾಗಿರು ಅಂತ. ವ್ಯಾಲ್ಯೂ, ವ್ಯಾಲಿಡ್ ಎಲ್ಲ ಅದೇ ಬೇರಿನ ಚಿಗುರು. ಅವರು ಏನೂ ಹೇಳದೆ ಕುಟುಂಬದ ಫೋಟೋಗಳನ್ನು ಇಳಿಸಿಕೊಳ್ಳೋಣ ಅಂತ ಕಂಪ್ಯೂಟರ್ ತೆರೆದರು. ಅವರ ಪಾಸ್‌ವರ್ಡ್ ನನ್ನದಕ್ಕಿಂತ ಉದ್ದ, ಚೀಟಿ ಇಲ್ಲದೆ ನೆನಪಿಟ್ಟುಕೊಂಡಿದ್ದರು. ಒಂದೊಂದೇ ಅಕ್ಷರ ನಿಧಾನಕ್ಕೆ ಒತ್ತಿದರು. ಪರದೆ ಮೇಲೆ ಬಂತು: 'ಇನ್‌ವ್ಯಾಲಿಡ್ ಯೂಸರ್'.