ದೋಣಿಯಲ್ಲಿ ಮೂವರು, ಗ್ರೂಪಿನಲ್ಲಿ ಏಳು ಜನ

ಹಾಸ್ಯ ಕಾದಂಬರಿಯನ್ನು ಸ್ನೇಹಿತರೆಲ್ಲ ಸೇರಿ ಓದುವುದರಲ್ಲಿ ಒಂದು ತೊಂದರೆಯಿದೆ. ಯಾರೂ ಒಂದೇ ಹೊತ್ತಿಗೆ ನಗುವುದಿಲ್ಲ. ಒಬ್ಬ ನಕ್ಕು ಮುಗಿಸಿ ಮಲಗಿರುತ್ತಾನೆ, ಇನ್ನೊಬ್ಬಳು ಆಗಷ್ಟೇ ಪುಸ್ತಕ ತೆರೆದಿರುತ್ತಾಳೆ, ಮೂರನೆಯವನು ಮೊನ್ನೆಯ ಜೋಕಿಗೆ ಇವತ್ತು ಹಲ್ಲುಜ್ಜುವಾಗ ನಗುತ್ತಾನೆ. ಗೋಳಿನ ಕಾದಂಬರಿಗಾದರೆ ಈ ಕಷ್ಟವಿಲ್ಲ. ಏಳು ಜನ ಏಳು ಹೊತ್ತಿಗೆ ಅತ್ತರೂ "ಎಲ್ಲಿ ಅತ್ತೆ, ಯಾಕೆ ಅತ್ತೆ, ಪುಟ ಎಷ್ಟು?" ಅಂತ ಯಾರೂ ಪೀಡಿಸುವುದಿಲ್ಲ. ನಕ್ಕವನಿಗೆ ಮಾತ್ರ ಲೆಕ್ಕ ಒಪ್ಪಿಸುವ ಕರ್ಮ.

ನಾವು ಏಳು ಜನ ಸೇರಿ ಓದಲು ಹೊರಟದ್ದು ಜೆರೋಮ್ ಕೆ. ಜೆರೋಮ್ ಮಹಾಶಯರ 'ಥ್ರೀ ಮೆನ್ ಇನ್ ಎ ಬೋಟ್'. 1889ರಲ್ಲಿ ಬಂದ ಪುಸ್ತಕ. ಮೂವರು ಗೆಳೆಯರು ಒಂದು ನಾಯಿಯನ್ನೂ ಹತ್ತಿಸಿಕೊಂಡು ಥೇಮ್ಸ್ ನದಿಯಲ್ಲಿ ದೋಣಿ ಹುಟ್ಟು ಹಾಕುತ್ತಾ ಹೋಗುವ ಕಥೆ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಗಿರುವುದರಿಂದ ಯಾರು ಬೇಕಾದರೂ ಹೇಗೆ ಬೇಕಾದರೂ ಅಚ್ಚು ಹಾಕಬಹುದು, ಹಾಕಿಯೂ ಇದ್ದಾರೆ. ಹಾಗಾಗಿ ನಮ್ಮ ಬಳಿ ಏಳು ಬಗೆಯ ಪ್ರತಿಗಳು. "ಪುಟ 46 ನೋಡ್ರೋ, ಬಿದ್ದು ಬಿದ್ದು ನಕ್ಕೆ" ಅಂತ ಒಬ್ಬ ಹಾಕಿದರೆ, ಇನ್ನೊಬ್ಬಳು ತನ್ನ 46ನೇ ಪುಟದಲ್ಲಿದ್ದ ನದೀತೀರದ ಮರಗಳ ವರ್ಣನೆಯನ್ನು ಎರಡೆರಡು ಸಲ ಓದಿ, ತನಗೇ ಹಾಸ್ಯಪ್ರಜ್ಞೆ ಕಡಿಮೆಯಾಗಿದೆ ಎಂದು ಕಂಗಾಲಾದಳು. ಮೊಬೈಲಿನಲ್ಲಿ ಓದುತ್ತಿದ್ದವನಿಗೆ ಪುಟವೇ ಇಲ್ಲ. ಅವನದು "ಶೇಕಡಾ 22ರಲ್ಲಿ ಒಂದು ಒಳ್ಳೆ ಜೋಕಿದೆ" ಎನ್ನುವ ಬ್ಯಾಂಕಿನ ಭಾಷೆ. ಕೊನೆಗೆ ಅಧ್ಯಾಯದ ಲೆಕ್ಕದಲ್ಲೇ ಮಾತಾಡಬೇಕು, ಯಾರೂ ಮುಂದಿನದನ್ನು ಹೇಳಬಾರದು ಅಂತ ಕಾನೂನಾಯಿತು. ಇರುವುದೇ 19 ಅಧ್ಯಾಯ, ಅದರಲ್ಲಿ ಕಷ್ಟವೇನು?

ಕಷ್ಟವೇನೆಂದರೆ ನಮ್ಮಲ್ಲೊಬ್ಬ ಓಟಗಾರನಿದ್ದಾನೆ. ಬೇರೆಯವರು ಮೂರನೇ ಅಧ್ಯಾಯದಲ್ಲಿ ಗೋಡೆಗೆ ಚಿತ್ರಪಟ ಹಾಕಲು ಒದ್ದಾಡುವ ಪಾಡ್ಜರ್ ಮಾವನ ಜೊತೆ ಮೊಳೆ ಹುಡುಕುತ್ತಿರುವಾಗ ಅವನು ಹನ್ನೆರಡರಲ್ಲಿ ಅನಾನಸ್ ಡಬ್ಬಿ ಬಡಿಯುತ್ತಿರುತ್ತಾನೆ. ಬೈದರೆ ಅವನ ಬಳಿ ಪ್ರಬಲವಾದ ಸಮರ್ಥನೆಯಿತ್ತು. ಈ ಪುಸ್ತಕದ ಪ್ರತಿ ಅಧ್ಯಾಯದ ತಲೆಯ ಮೇಲೂ ಒಳಗೇನು ನಡೆಯುತ್ತದೆ ಎಂದು ಲೇಖಕನೇ ಪಟ್ಟಿ ಕೊಟ್ಟಿದ್ದಾನೆ. "ಜೆರೋಮ್ ಹೇಳಿದ್ದನ್ನೇ ನಾನು ಹೇಳಿದೆ, ಅವನನ್ನು ಕೇಳ್ರಿ" ಅಂದ.

ಮೊದಲ ಅವಘಡ ಮೊದಲ ಅಧ್ಯಾಯದಲ್ಲೇ ಆಯಿತು. ಅಲ್ಲಿ ಕಥಾನಾಯಕ ಯಾವುದೋ ಸಣ್ಣ ಕಾಯಿಲೆಯ ಬಗ್ಗೆ ತಿಳಿಯಲು ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ವೈದ್ಯಕೀಯ ಗ್ರಂಥವೊಂದನ್ನು ಬಿಡಿಸುತ್ತಾನೆ. ಅಕ್ಷರಕ್ರಮದಲ್ಲಿ ಓದುತ್ತಾ ಹೋದಂತೆ ಎಲ್ಲ ರೋಗಗಳೂ ತನಗಿರುವುದು ಖಚಿತವಾಗುತ್ತದೆ. ಇಲ್ಲದ್ದು ಒಂದೇ ಒಂದು, ಮನೆಗೆಲಸದವರಿಗೆ ಮೊಣಕಾಲೂರಿ ನೆಲ ಉಜ್ಜಿ ಉಜ್ಜಿ ಬರುವ ಊತ. ಅದೊಂದು ಮಾತ್ರ ತನಗೇಕಿಲ್ಲ ಎಂದು ಅವನಿಗೆ ಅವಮಾನವೂ ಆಗುತ್ತದೆ. ಈ ಭಾಗವನ್ನು ನಮ್ಮ ಗೆಳೆಯನೊಬ್ಬ ಓದಲು ಆರಿಸಿಕೊಂಡ ಜಾಗ ಆಸ್ಪತ್ರೆಯ ಲ್ಯಾಬಿನ ಎದುರಿನ ಬೆಂಚು. ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯುತ್ತಿದ್ದ. ಎಡಕ್ಕೊಬ್ಬರು ಕೆಮ್ಮುತ್ತಿದ್ದಾರೆ, ಬಲಕ್ಕೊಬ್ಬರು ಹೊಟ್ಟೆ ಹಿಡಿದುಕೊಂಡಿದ್ದಾರೆ, ನಡುವೆ ಇವನು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಾನೆ. ಮೊದಲು ಹೊಟ್ಟೆಯವರು, "ಧೈರ್ಯ ತಗೊಳ್ಳಿ, ಎಲ್ಲ ಸರಿಹೋಗುತ್ತೆ" ಅಂದರಂತೆ. ಇವನು ಕರವಸ್ತ್ರ ತೆಗೆದ. ಅಳುವಲ್ಲ ಎಂದು ಗೊತ್ತಾಯಿತು. ಅವರು ಹೊಟ್ಟೆನೋವಿನಲ್ಲೂ ಎದ್ದು ದೂರದ ಬೆಂಚಿಗೆ ಹೋದರು. ಅಷ್ಟರಲ್ಲಿ ನರ್ಸಮ್ಮ ಬಂದು, ರಿಪೋರ್ಟಿನ ಮಾತೇ ಎತ್ತದೆ, ಬಹಳ ಮೆಲ್ಲನೆ, "ನಿಮ್ಮ ಜೊತೆ ಯಾರಾದ್ರೂ ಬಂದಿದ್ದಾರಾ ಸರ್?" ಅಂತ ಕೇಳಿದರಂತೆ.

ರಿಪೋರ್ಟಿನಲ್ಲಿ ಎಲ್ಲ ಸರಿಯಾಗಿತ್ತು. ಇದನ್ನು ಅವನು ಗ್ರೂಪಿನಲ್ಲಿ ಸಂತೋಷದಿಂದ ಹೇಳಿದಾಗ ಓಟಗಾರ, "ಮೊಣಕಾಲು ತೋರಿಸಿದೆಯಾ?" ಅಂದ.

ಈ ಘಟನೆಗೆ ಶಾಸ್ತ್ರಾಧಾರ ಒದಗಿಸಿದವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಮಾಡುವ ಈ ಗೆಳೆಯ ಎಲ್ಲರಿಗಿಂತ ಚಿಕ್ಕವನಾದರೂ ನಮಗೆಲ್ಲ ಮೇಷ್ಟ್ರೇ. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ನಗು ಆರು ತರಹ ಎಂದಿದೆಯಂತೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಹಾಗೆ ಕೆನ್ನೆ ಅರಳಿಸುವ ಸ್ಮಿತ, ಹಲ್ಲು ತುಸುವೇ ತೋರುವ ಹಸಿತ, ಇವೆರಡೂ ಉತ್ತಮರಿಗೆ. ನಡುವಿನ ಎರಡು ಮಧ್ಯಮರಿಗೆ. ನಗಬಾರದ ಜಾಗದಲ್ಲಿ, ಕಣ್ಣಲ್ಲಿ ನೀರು ತುಂಬಿ, ಭುಜ-ತಲೆ ಕುಣಿಸುತ್ತಾ ನಗುವ ಅಪಹಸಿತವೂ, ಪಕ್ಕೆ ಹಿಡಿದುಕೊಂಡು ಆರ್ಭಟಿಸುವ ಅತಿಹಸಿತವೂ ಅಧಮರಿಗೆ. ಆಸ್ಪತ್ರೆಯ ಬೆಂಚನ್ನು ಭರತಮುನಿಗಳು ಕಣ್ಣಾರೆ ಕಂಡು ಬರೆದಂತಿದೆ. ಗೆಳೆಯನಿಗೆ ಸಿಟ್ಟು ಬಂತು. "ನಾನು ಶಬ್ದವೇ ಮಾಡಿಲ್ಲ, ನನ್ನನ್ನು ಹೇಗೆ ಅಧಮ ಅಂತೀಯ?" ಎಂದು ವಾದಿಸಿದ. ಭುಜ ಕುಣಿದದ್ದಕ್ಕೆ ಸಾಕ್ಷಿಗಳಿದ್ದಾರೆ ಎಂದು ಮೇಷ್ಟ್ರು ಕೇಸು ಮುಗಿಸಿದರು.

ಭರತ ಆರು ಮಾಡಿದ್ದನ್ನು ಮೊಬೈಲು ಒಂದು ಮಾಡಿದೆ, ಅದು ನನ್ನ ತಕರಾರು. ಆನಂದಬಾಷ್ಪ ಸುರಿಸುವ ಆ ಹಳದಿ ಮುಖವನ್ನು ಆಕ್ಸ್‌ಫರ್ಡ್ ನಿಘಂಟಿನವರು 2015ರಲ್ಲಿ ವರ್ಷದ ಪದ ಎಂದು ಆರಿಸಿದ್ದರು. ಅದನ್ನು ಕಳಿಸುವವರ ಮುಖ ಹೇಗಿರುತ್ತದೆ ಅಂತ ಆ ಸಮಿತಿಯವರು ನೋಡಿದ್ದರೋ ಇಲ್ಲವೋ. ನಾನು ನೋಡಿದ್ದೇನೆ. ನಮ್ಮ ಗುಂಪಿನ ಒಬ್ಬಳು ನನ್ನೆದುರೇ ಕೂತು, ತೆರಿಗೆ ನೋಟಿಸು ಓದುವ ಮುಖದಲ್ಲಿ, ಪಟಪಟನೆ ಐದು ಹಳದಿ ಮುಖ ಒತ್ತಿ, ಫೋನು ಕೆಳಗಿಟ್ಟು, "ಹ್ಞಾಂ, ಏನು ಹೇಳ್ತಿದ್ದೆ?" ಅಂದಳು. ತುಟಿ ಒಂದು ಎಳೆಯಷ್ಟೂ ಅಲ್ಲಾಡಲಿಲ್ಲ. ಇವಳೇ ಮುಂದೆ ಸಿಕ್ಕಿಬಿದ್ದವಳು; ಅದಕ್ಕೆ ಬರುತ್ತೇನೆ.

ಇನ್ನೊಬ್ಬಳಿಗೆ ಬೇಕಾದದ್ದು ನಾಯಿ ಮಾತ್ರ. ದಿನವೂ ಅವಳದು ಒಂದೇ ವಿಚಾರಣೆ: "ಇವತ್ತಿನ ಅಧ್ಯಾಯದಲ್ಲಿ ಮಾಂಟ್‌ಮರೆನ್ಸಿ ಇದ್ದಾನಾ?" ಇಲ್ಲ ಅಂದರೆ ಅಧ್ಯಾಯವನ್ನೇ ಬಿಟ್ಟುಬಿಡುತ್ತಿದ್ದಳು. ಹೀಗೆ ಓದಿದ್ದರಿಂದ ಅವಳ ಪಾಲಿನ ಕಾದಂಬರಿಯೇ ಬೇರೆ. ಒಂದು ನಾಯಿ ನದಿಯಲ್ಲಿ ಪ್ರವಾಸ ಹೋಗುತ್ತದೆ, ಜೊತೆಗೆ ಯಾರೋ ಮೂವರು ಗಂಡಸರು. ಮೇಷ್ಟ್ರಿಗೆ ತಡೆಯಲಾಗದೆ ಒಂದು ಸತ್ಯ ಹೇಳಿದರು. ಕಾದಂಬರಿಯ ಜಾರ್ಜ್ ಮತ್ತು ಹ್ಯಾರಿಸ್ ಜೆರೋಮ್‌ನ ನಿಜವಾದ ಗೆಳೆಯರಾದ ಜಾರ್ಜ್ ವಿಂಗ್ರೇವ್ ಮತ್ತು ಕಾರ್ಲ್ ಹೆಂಟ್ಷೆಲ್. ನಾಯಿ ಮಾತ್ರ ಕಲ್ಪನೆ. ಅವಳು ಉತ್ತರ ಕೊಡಲಿಲ್ಲ. ಗ್ರೂಪು ಬಿಟ್ಟುಹೋದಳು. ಮರುದಿನ ಸೇರಿಸಿಕೊಂಡಾಗ ಮೊದಲ ಸಂದೇಶ: "ಆ ಇಬ್ಬರು ನಿಜ, ನಾಯಿ ಸುಳ್ಳು ಅಂದ್ರೆ ಇದು ಯಾವ ಸೀಮೆ ನ್ಯಾಯ ಮಾರಾಯಾ?"

ಬರೀ ಫೋನಿನಲ್ಲಿ ನಕ್ಕರೆ ಪ್ರಯೋಜನವಿಲ್ಲ, ಒಂದು ಕಡೆ ಕೂತು ಗಟ್ಟಿಯಾಗಿ ಓದೋಣ ಅಂದವರೂ ಮೇಷ್ಟ್ರೇ. ಅದಕ್ಕೂ ಅವರ ಬಳಿ ಆಧಾರವಿತ್ತು. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಜನರ ನಗುವಿನ ಬೆನ್ನುಹತ್ತಿ ಕಂಡುಕೊಂಡದ್ದೇನೆಂದರೆ, ಮನುಷ್ಯ ಒಬ್ಬನೇ ಇದ್ದಾಗಿಗಿಂತ ನಾಲ್ಕು ಜನರ ನಡುವೆ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ. ಸರಿ, ಒಬ್ಬರ ಮನೆಯಲ್ಲಿ ಸೇರಿದೆವು. ಮೇಷ್ಟ್ರು ಅನಾನಸ್ ಡಬ್ಬಿಯ ಪ್ರಸಂಗ ಎತ್ತಿಕೊಂಡರು. ಮೂವರ ಬಳಿ ಡಬ್ಬಿಯಿದೆ, ತೆರೆಯುವ ಸಾಧನವಿಲ್ಲ. ಚಾಕು, ಕತ್ತರಿ, ಕಲ್ಲು, ದೋಣಿಯ ಕಂಬ ಎಲ್ಲದರಿಂದಲೂ ಬಡಿಯುತ್ತಾರೆ. ಮೇಷ್ಟ್ರು "ಹ್ಯಾರಿಸ್ ಚಾಕು ತೆಗೆದುಕೊಂಡು..." ಎನ್ನುವಷ್ಟರಲ್ಲಿ, ಮುಂದಿನ ಸಾಲು ಅವರಿಗೆ ಮೊದಲೇ ಕಂಡುಬಿಟ್ಟು, ನಗು ಶುರುವಾಯಿತು. ನಮಗೆ ಕೇಳಿಸಿದ್ದು "ಕತ್ತರಿ... ಹ್ಹಿಹ್ಹಿ... ಹಾರಿ... ಅಯ್ಯೋ ದೇವರೇ... ಕಲ್ಲು..." ಇಷ್ಟೇ. ಮೇಷ್ಟ್ರ ಕನ್ನಡಕ ಕೆಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದ ಓಟಗಾರನ ತಲೆ ಮೇಜಿಗೆ ಬಡಿಯಿತು. ಅಲ್ಲಿಂದ ಮುಂದೆ ಕೂತವರೆಲ್ಲ ಅಧಮರೇ.

ಪ್ರೊವೈನ್ ಇದನ್ನೂ ಬರೆದಿಟ್ಟಿದ್ದಾರೆ. ಕೇಳುವವರಿಗಿಂತ ಹೇಳುವವರೇ ಶೇಕಡಾ 46ರಷ್ಟು ಹೆಚ್ಚು ನಗುತ್ತಾರಂತೆ. ಜನ ನಗುವುದಕ್ಕೆ ಮುಂಚೆ ಬಂದ ಮಾತುಗಳಲ್ಲಿ ತಮಾಷೆ ಎನ್ನಬಹುದಾದದ್ದು ಶೇಕಡಾ 10ರಿಂದ 20 ಮಾತ್ರವಂತೆ. ಆ ಸಂಜೆ ನಮ್ಮದು ಅಷ್ಟೂ ಇರಲಿಲ್ಲ. ಎಲ್ಲರೂ ಸುಧಾರಿಸಿಕೊಂಡ ಮೇಲೆ ನಾಯಿಯವಳು, "ಅಂದ ಹಾಗೆ, ಡಬ್ಬಿ ತೆರೀತಾ?" ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಪಕ್ಕೆ ನೋಯುವಷ್ಟು ನಕ್ಕ ಕಥೆಯ ಕೊನೆಯೇ ಯಾರ ಕಿವಿಗೂ ಬಿದ್ದಿರಲಿಲ್ಲ. (ತೆರೆಯಲಿಲ್ಲ. ನದಿಗೆ ಎಸೆದರು.)

ಈಗ ತೆರಿಗೆ ನೋಟಿಸಿನ ಮುಖದವಳ ವಿಷಯ. ಎಂಟನೇ ಅಧ್ಯಾಯದಲ್ಲೊಂದು ಸಂಗೀತದ ಪ್ರಸಂಗವಿದೆ. ಜರ್ಮನ್ ಪ್ರೊಫೆಸರರೊಬ್ಬರು ಹಾಡಲು ಕೂರುತ್ತಾರೆ. ಇಬ್ಬರು ತುಂಟ ವಿದ್ಯಾರ್ಥಿಗಳು ಮೊದಲೇ ಎಲ್ಲರ ಕಿವಿಯಲ್ಲಿ, ಅದು ಮಹಾ ತಮಾಷೆಯ ಹಾಡು, ಅವರು ಗಂಭೀರವಾಗಿ ಹಾಡುವುದೇ ಅದರ ಸೊಗಸು ಎಂದು ಊದಿರುತ್ತಾರೆ. ಭಾಷೆ ಬರದ ಸಭಿಕರು ಆ ಇಬ್ಬರನ್ನು ನೋಡಿಕೊಂಡು, ಅವರು ನಕ್ಕಲ್ಲೆಲ್ಲ ನಗುತ್ತಾರೆ. ಹಾಡಿದವರು ಉರಿದುಬೀಳುತ್ತಾರೆ. ಅದು ಪ್ರಿಯಕರನಿಗಾಗಿ ಪ್ರಾಣಬಿಟ್ಟ ಹುಡುಗಿಯ ಶೋಕಗೀತೆ! ಈ ಅಧ್ಯಾಯದ ದಿನ ಗ್ರೂಪಿನಲ್ಲಿ ಎಲ್ಲರಿಗಿಂತ ಉದ್ದದ ಸಂದೇಶ ನಮ್ಮವಳದೇ. ಪಕ್ಕದವರು ನಕ್ಕರೆಂದು ನಗುವವರಿಗೆ ಸ್ವಂತ ಬುದ್ಧಿಯೇ ಇಲ್ಲವೇ ಎಂದು ಚೆನ್ನಾಗಿ ಝಾಡಿಸಿದ್ದಳು. ಮೇಷ್ಟ್ರು ಅದಕ್ಕೆ ನಕ್ಷತ್ರ ಹಾಕಿ ಇಟ್ಟುಕೊಂಡಿದ್ದರು.

ಹದಿನಾರನೇ ಅಧ್ಯಾಯ ಬಂತು. ಓದದವರಿಗೆ ತಿಳಿದಿರಲಿಕ್ಕಿಲ್ಲ, ಈ ನಗೆ ಪುಸ್ತಕದ ಆ ಭಾಗದಲ್ಲಿ ದೋಣಿಯವರಿಗೆ ನದಿಯಲ್ಲಿ ತೇಲುತ್ತಿರುವ ಒಬ್ಬ ಹೆಣ್ಣುಮಗಳ ಶವ ಕಾಣುತ್ತದೆ. ಅವಳ ಪಾಡನ್ನು ಜೆರೋಮ್ ಒಂದು ಚೂರೂ ನಗಿಸದೆ ಹೇಳುತ್ತಾನೆ. ಅಸಲಿಗೆ ಅವನು ಬರೆಯಲು ಕೂತದ್ದೇ ಥೇಮ್ಸ್ ನದಿಯ ಬಗ್ಗೆ ಒಂದು ಗಂಭೀರ ಪುಸ್ತಕ. ನಡುವೆ ಒಂದಿಷ್ಟು ತಮಾಷೆ ಇರಲಿ ಅಂದುಕೊಂಡಿದ್ದ. 'ಹೋಮ್ ಚೈಮ್ಸ್' ಪತ್ರಿಕೆಯ ಸಂಪಾದಕರು ಚರಿತ್ರೆಯ ಬಹುಪಾಲನ್ನು ಕಿತ್ತೆಸೆದು ತಮಾಷೆ ಉಳಿಸಿದರು. ಕತ್ತರಿಗೆ ಸಿಗದೆ ಉಳಿದ ಗಾಂಭೀರ್ಯ ಹೀಗೆ ಅಲ್ಲಲ್ಲಿ ತಲೆಯೆತ್ತುತ್ತದೆ. ನನಗೆ ಆ ಅಧ್ಯಾಯ ಇಷ್ಟ. ಉಳಿದವರಿಗೆ ಅದು ಊಟದ ನಡುವೆ ಸಿಕ್ಕ ಕಲ್ಲು.

ಆ ದಿನ ಗ್ರೂಪು ತಣ್ಣಗಿತ್ತು. ರಾತ್ರಿ ಒಬ್ಬ ಮಾತ್ರ, "16 ಮುಗಿಸಿದೆ" ಎಂದು ಹಾಕಿದ. ಮರುಕ್ಷಣವೇ ಇವಳಿಂದ ಐದು ಹಳದಿ ಮುಖಗಳು. ಹಿಂದೆಯೇ, "ಅಯ್ಯೋ, ಹೊಟ್ಟೆ ಹುಣ್ಣಾಯ್ತು ಕಣ್ರೋ! ಈ ಅಧ್ಯಾಯ ಎಲ್ಲಕ್ಕಿಂತ ಸೂಪರ್!"

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. "ಟೈಪಿಂಗ್" ಎಂದು ಮೂರು ಹೆಸರು ಬಂದು ಬಂದು ಮಾಯವಾದವು. ಕೊನೆಗೆ ಆಸ್ಪತ್ರೆಯ ಗೆಳೆಯ, "ಎಲ್ಲಿ ಜಾಸ್ತಿ ನಗು ಬಂತು ಕಣೇ?" ಎಂದು ಅತ್ಯಂತ ವಿನಯದಿಂದ ಕೇಳಿದ. ಅವಳು, "ಎಲ್ಲಾ ಕಡೆ. ಅದರಲ್ಲೂ ಆ ಹೆಂಗಸು ಬರ್ತಾಳಲ್ಲ, ಅಲ್ಲಿ" ಅಂದಳು. ಅಧ್ಯಾಯದಲ್ಲಿ ಹೆಂಗಸೊಬ್ಬಳು ಇರಲೇಬೇಕು ಎಂದು ಅಂದಾಜಿನ ಮೇಲೆ ಬಿಟ್ಟ ಬಾಣವಂತೆ ಅದು. ಮೇಷ್ಟ್ರು ಒಂದಕ್ಷರವೂ ಹೇಳದೆ ಅವಳ ಎಂಟನೇ ಅಧ್ಯಾಯದ ಸಂದೇಶವನ್ನು ಮರಳಿ ಹಾಕಿದರು. ಆಗ ಹೊರಟ ನಗು ನೋಡಿ! ಇಡೀ ಪುಸ್ತಕ ಓದುವಾಗ ಗ್ರೂಪಿನಲ್ಲಿ ನಾವು ಏಳೂ ಜನ ಒಂದೇ ಹೊತ್ತಿಗೆ ನಕ್ಕದ್ದು ಅದೊಂದೇ ಸಲ, ಅದೂ ಅತ್ಯಂತ ದುಃಖದ ಅಧ್ಯಾಯದಲ್ಲಿ. ಅವಳೂ ನಕ್ಕಳು. ಫೋನು ಮಾಡಿ ಖಚಿತಪಡಿಸಿಕೊಂಡೆ, ಮುಖವನ್ನು ಈಗ ಯಾರೂ ನಂಬುವಂತಿಲ್ಲವಲ್ಲ.

ಅಂದಿನಿಂದ ಅವಳು ಓದುವುದನ್ನೇ ನಿಲ್ಲಿಸಿದಳು. ಕೊನೆಯ ದಿನ ಎಲ್ಲರೂ ಮುಗಿಸಿ ಬೀಗುತ್ತಿರುವಾಗ ಓಟಗಾರ, "ಪುಸ್ತಕ ನಡುವೆ ಬಿಟ್ಟವರಿಗೆ ಮುಂದಿನದನ್ನು ಆರಿಸುವ ಹಕ್ಕಿಲ್ಲ" ಎಂದು ಕೆಣಕಿದ. ಅವಳ ಉತ್ತರ ಸಿದ್ಧವಾಗಿತ್ತು. "ನಿಮ್ಮ ಹೀರೋಗಳೇ ಮಳೆ ಬಂತು ಅಂತ ದೋಣೀನ ನಡುವೆ ಬಿಟ್ಟು, ಕದ್ದು ರೈಲು ಹತ್ತಿ ಲಂಡನ್ನಿಗೆ ಓಡಿಹೋದ್ರಲ್ಲ, ನಾನು ಬಿಟ್ಟರೆ ತಪ್ಪಾ?"

ಮಾತು ನಿಜ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಆಗುವುದು ಅದೇ. ಹದಿನಾರಕ್ಕೇ ನಿಲ್ಲಿಸಿದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ಮೇಷ್ಟ್ರು ಕೇಳಿದರು.

"ಮೊದಲ ದಿನಾನೇ ಕೊನೇ ಅಧ್ಯಾಯ ಓದಿಟ್ಟುಕೊಂಡಿದ್ದೆ ಕಣೋ. ನಡುವಿಂದೆಲ್ಲ ನೀವು ಹೇಳ್ತಿದ್ರಲ್ಲ."