ಏನೂ ಬೆರೆಸದ ಹಾಲಿನ ಕಲಬೆರಕೆ ಕೇಸು

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನಮಗೆ ಬರೀ ಗಾದೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅದಕ್ಕೆ ಒಂದು ಇಲಾಖೆಯೇ ಇದೆ. 2012ರಲ್ಲಿ ಅಲ್ಲಿನ ಕೃಷಿ ಇಲಾಖೆ ಓಚೀಸಿ ಕ್ರೀಮರಿ ಎಂಬ ಸಣ್ಣ ಡೇರಿಯ ಸ್ಕಿಮ್ ಮಿಲ್ಕ್, ಅಂದರೆ ಕೆನೆ ತೆಗೆದ ಹಾಲಿನ, ಮಾರಾಟ ನಿಲ್ಲಿಸಿತು. ಹಾಲಿಗೆ ಏನೋ ಬೆರೆಸಿದ್ದರು ಅಂದುಕೊಂಡಿರಾ? ಬೆರೆಸಿರಲಿಲ್ಲ. ಅದೇ ತಪ್ಪು.

ಸ್ಕಿಮ್ ಮಾಡುವುದರಲ್ಲಿ ಗುಟ್ಟೇನಿಲ್ಲ. ಹಾಲನ್ನು 40–50 ಡಿಗ್ರಿಗೆ ಬೆಚ್ಚಗೆ ಮಾಡಿ ಕೆನೆ ಬೇರ್ಪಡಿಸುವ ಯಂತ್ರಕ್ಕೆ, ಸೆಪರೇಟರಿಗೆ, ಬಿಡುತ್ತಾರೆ; ತಣ್ಣಗಿದ್ದರೆ ಹಾಲು ಮಂದವಾಗಿ ಕೊಬ್ಬು ಸರಿಯಾಗಿ ಬಿಡುವುದಿಲ್ಲ. ಒಳಗೆ ಒಂದರ ಮೇಲೊಂದು ಕೂತ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ಹಾಕುತ್ತವೆ. ಭಾರದ ಹಾಲು ಅಂಚಿಗೆ, ಹಗುರ ಕೊಬ್ಬು ನಡುವಿಗೆ. ಒಂದು ನಳದಲ್ಲಿ ಕೆನೆ, ಇನ್ನೊಂದರಲ್ಲಿ ಸ್ಕಿಮ್. ಗಾಜಿನ ಲೋಟಕ್ಕೆ ಸುರಿದರೆ ಅಂಚಿನಲ್ಲಿ ನಸುನೀಲಿ ಕಾಣುತ್ತದೆ. ಕೊಬ್ಬು ಹೋದ ಮೇಲೆ ಉಳಿದ ಕೇಸಿನ್ ಎಂಬ ಪ್ರೋಟೀನಿನ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ, ಅಷ್ಟೆ. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಇದಕ್ಕೆ ‘ಬ್ಲೂ ಜಾನ್’ ಎಂಬ ಅಡ್ಡಹೆಸರೂ ಇತ್ತು. ಇಂಗ್ಲಿಷ್ ಆಡುವ ಯಾರನ್ನು ಕೇಳಿದರೂ ಸ್ಕಿಮ್ ಮಿಲ್ಕ್ ಅಂದರೆ ಕೆನೆ ತೆಗೆದ ಹಾಲು.

ಇಲಾಖೆಯ ಇಂಗ್ಲಿಷ್ ಬೇರೆ. ವಿಟಮಿನ್ ಎ ಕೊಬ್ಬಿನಲ್ಲಿ ಕರಗುವಂಥದ್ದು, ಕೆನೆಯ ಸೆರಗು ಹಿಡಿದೇ ಹೋಗುತ್ತದೆ. ಹೋದದ್ದನ್ನು ಹೊರಗಿನಿಂದ ತಂದು ತುಂಬಿದರೆ ಮಾತ್ರ ಅದು ಸ್ಕಿಮ್ ಮಿಲ್ಕ್. ಪ್ರಮಾಣ ಒಂದು ಕ್ವಾರ್ಟಿಗೆ, ಅಂದರೆ ಸುಮಾರು 946 ಮಿಲಿಲೀಟರಿಗೆ, 2000 ಐಯು (ವಿಟಮಿನ್ ಅಳೆಯುವ ಮಾನ). ತೂಕಕ್ಕಿಟ್ಟರೆ 0.6 ಮಿಲಿಗ್ರಾಂ ರೆಟಿನಾಲ್, ಅಂದರೆ ವಿಟಮಿನ್ ಎ; ಒಂದು ಸಾಸಿವೆ ಕಾಳು ಇದಕ್ಕಿಂತ ಭಾರ. ಅದನ್ನು ಸೆಪರೇಟರಿಗೆ ಮೊದಲೇ ಹಾಕಿದಿರೋ, ಮತ್ತೆ ಕೆನೆಯ ಜೊತೆ ಓಡಿಹೋಗುತ್ತದೆ. ಆಮೇಲೆ ಪುಟ್ಟ ಪಂಪಿನಲ್ಲಿ ಅಳೆದು ಬಿಡಬೇಕು. ಬಿಟ್ಟದ್ದಾದರೂ ನಿಲ್ಲುತ್ತದೆಯೇ? ಬೆಳಕು ಬಿದ್ದರೆ ನಾಶವಾಗುತ್ತದೆ, ಕೊಬ್ಬಿನ ಆಸರೆಯಿಲ್ಲದ ಸ್ಕಿಮ್‌ನಲ್ಲಂತೂ ಇನ್ನೂ ಬೇಗ. ಅಂಗಡಿಯ ಟ್ಯೂಬ್‌ಲೈಟಿನಡಿ ಕೂತು ಹಾಕಿದ ವಿಟಮಿನ್ ಕಳೆದುಕೊಂಡ ಹಾಲು ಅಸಲಿ. ಹಾಕದೇ ಇದ್ದದ್ದು ಮೋಸ.

‘ವಿಟಮಿನ್ ಎ ಸೇರಿಸಿಲ್ಲ’ ಎಂದು ಬಾಟಲಿ ಮೇಲೆ ಬರೆಯುತ್ತೇವೆ ಅಂದರು ಡೇರಿಯವರು. ಇಷ್ಟು ನೇರವಾದ ಮಾತು ಇಲಾಖೆಗೆ ಹಿಡಿಸಲಿಲ್ಲ. ಅದು ಮೊದಲು ಇಟ್ಟ ಹೆಸರು ‘ಇಮಿಟೇಷನ್ ಸ್ಕಿಮ್ ಮಿಲ್ಕ್’. ನಮ್ಮ ಕಡೆ ಇಮಿಟೇಷನ್ ಅಂದರೆ ಮದುವೆಮನೆಗೆ ಹಾಕಿಕೊಂಡು ಹೋಗುವ ಸರ. ಅಲ್ಲಿ ಹಸುವಿನ ಕೆಚ್ಚಲಿನಿಂದ ಬಂದದ್ದೂ ಇಮಿಟೇಷನ್! ಚೌಕಾಸಿ ಆದಮೇಲೆ ಬಂದ ಹೆಸರು: ‘ಎ ದರ್ಜೆಯಲ್ಲದ ಹಾಲಿನ ಉತ್ಪನ್ನ, ಹಾಲಿನ ನೈಸರ್ಗಿಕ ವಿಟಮಿನ್‌ಗಳನ್ನು ತೆಗೆಯಲಾಗಿದೆ’. ಇದನ್ನು ಓದಿದವನು ಹಾಲು ಬಿಡಿ, ಬಾಟಲಿಯನ್ನೂ ಮುಟ್ಟಲಾರ. ಅದಿರಲಿ, ಬಿ2, ಬಿ12 ನೀರಿನಲ್ಲಿ ಕರಗುವ ವಿಟಮಿನ್‌ಗಳು, ಸ್ಕಿಮ್‌ನಲ್ಲೇ ಉಳಿಯುತ್ತವೆ. ಗ್ರಾಹಕರ ದಾರಿ ತಪ್ಪಬಾರದೆಂದು ಹೊರಟ ಇಲಾಖೆಯ ಚೀಟಿಯೇ ದಾರಿ ತಪ್ಪಿಸುವಂತಿತ್ತು.

ಡೇರಿ 2014ರಲ್ಲಿ ಕೋರ್ಟಿಗೆ ಹೋಯಿತು, ಕೆಳಗಿನ ಕೋರ್ಟಿನಲ್ಲಿ ಸೋತಿತು. 2017ರ ಮಾರ್ಚ್‌ನಲ್ಲಿ 11ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು: ಸರ್ಕಾರ ಒಂದು ಪದಕ್ಕೆ ತನ್ನದೇ ಅರ್ಥ ಕಟ್ಟಿದ ಮಾತ್ರಕ್ಕೆ, ಜನರ ಅರ್ಥದಲ್ಲಿ ಅದನ್ನು ಬಳಸಿದವನು ಸುಳ್ಳುಗಾರನಾಗುವುದಿಲ್ಲ. ಕೆನೆ ತೆಗೆದ ಹಾಲು ಕೆನೆ ತೆಗೆದ ಹಾಲೇ ಎಂದು ಸಾಬೀತಾಗಲು ನಾಲ್ಕೂವರೆ ವರ್ಷ ಹಿಡಿಯಿತು.

ನಮ್ಮ ದೇಶದ ನಿಯಮ ಈ ಮಟ್ಟಿಗೆ ವಾಸಿ. ಕೆನೆ ತೆಗೆದ ಹಾಲಿಗೆ ಕೊಬ್ಬು 0.5 ಶೇಕಡಾ ಮೀರಬಾರದು, ಕೊಬ್ಬಲ್ಲದ ಘನಾಂಶ 8.7ಕ್ಕಿಂತ ಕೆಳಗೆ ಇಳಿಯಬಾರದು. ವಿಟಮಿನ್ ಸೇರಿಸಿದವರು ಪ್ಯಾಕೆಟ್ಟಿನ ಮೇಲೆ ‘ಪ್ಲಸ್ ಎಫ್’ ಗುರುತು ಹಾಕಿಕೊಳ್ಳುತ್ತಾರೆ. ಹಾಕಿದವನು ಹೇಳಿಕೊಳ್ಳಲಿ ಅನ್ನುವ ಲೆಕ್ಕ.

ಇಷ್ಟೆಲ್ಲ ಗಲಾಟೆಯಲ್ಲಿ ಕೆನೆಯ ಬಾಟಲಿಯನ್ನು ಯಾರೂ ಮಾತಾಡಿಸಲಿಲ್ಲ. ಬಿ2, ಬಿ12 ಬಹುಪಾಲು ಸ್ಕಿಮ್ ಕಡೆಗೇ ಹೋಗಿರುತ್ತವೆ. ಇಲಾಖೆಯ ನ್ಯಾಯದಂತೆ ಅದರ ಮೇಲೂ ಒಂದು ಚೀಟಿ ಅಂಟಬೇಕಿತ್ತು: ‘ಇಮಿಟೇಷನ್ ಕೆನೆ, ಹಾಲನ್ನು ತೆಗೆಯಲಾಗಿದೆ’.